ಸೋಸುವ ಪಾಳಿ

ಬಳ್ಳಾರಿಯಲ್ಲಿ ಪ್ಯಾಂಟು ಹೊಲಿಯುವವರು ಬಹಳ.
ಮುಂಡರಗಿ ರಸ್ತೆಯ ಈ ಕೊನೆಯ ಶೆಡ್ಡಿನಲ್ಲಿ
ಪ್ಯಾಂಟಿನ ಗುಂಡಿಗೆ ಹೊಳಪು ಕುಡಿಸುತ್ತಾರೆ.
ಮೊದಲು ನಿಕ್ಕಲ್, ಆಮೇಲೆ ಕ್ರೋಮಿಯಂ,
ಆಮೇಲೆ ಮೂರು ತೊಟ್ಟಿಯಲ್ಲಿ ಮೂರು ಮುಳುಗು.
ಮುಳುಗಿ ಎದ್ದ ಗುಂಡಿ
ಯಾವುದೋ ಊರಿನ ಯಾರದೋ ಸೊಂಟಕ್ಕೆ.
ಮುಳುಗಿಸಿಕೊಂಡ ನೀರು
ನನ್ನ ಪಾಲಿಗೆ.

ಹಳದಿ. ಅರಿಶಿನ ಕದಡಿದ ಹಾಗೆ.
ಹೊಸಬರು ಮದುವೆ ಮನೆಯ ನೀರು ಅಂದುಕೊಂಡಾರು.
ಆಮ್ಲ, ಗಂಧಕದ ಉಪ್ಪು ಬಿದ್ದರೆ ಹಸಿರಾಗುತ್ತದೆ,
ಸುಣ್ಣ ಬಿದ್ದರೆ ಕೆಸರಾಗಿ ತಳ ಹಿಡಿಯುತ್ತದೆ.
ತಳ ಹಿಡಿಯದೆ
ನೀರೊಳಗೇ ನೀರಿನಂತೆ ಅಡಗಿ ಕೂತವು
ನಡುರಾತ್ರಿ ನನ್ನ ಪೊರೆಯ ಮುಂದೆ ಬಂದು ನಿಲ್ಲುತ್ತವೆ.

ಪೊರೆ ಅಂದರೆ ಏನೆಂದು
ಮೊದಲ ದಿನ ಫಿಟ್ಟರ್ ಖಾಸಿಂಸಾಬರನ್ನು ಕೇಳಿದ್ದೆ.
ಪಾನ ಉಗುಳಿ ಬಂದು ಹೇಳಿದರು:
"ಜರಡಿ ಅಂದ್ಕಬ್ಯಾಡ ಹುಲಿಗೆಮ್ಮ, ಚರ್ಮ ಅಂದ್ಕ.
ಬೆವರು ಬಿಡ್ತೈತೆ, ರಕ್ತ ಬಿಡಲ್ಲ."
ಬಿಳಿ ಕೊಳವೆಯೊಳಗೆ ಸುರುಳಿ ಸುತ್ತಿದ ಹಾಳೆ,
ಹದಿನಾಲ್ಕು ಕೇಜಿ ಒತ್ತಡ,
ಕಣ್ಣಿಗೆ ಬಿಡು, ಬೂದುಗಾಜಿಗೂ ಕಾಣದ ತೂತು.
ಮುಳ್ಳು ಹದಿನೇಳಕ್ಕೆ ಏರಿತೋ
ಉಸಿರು ಕಟ್ಟಿದೆ ಅಂತ ಅರ್ಥ.
ಆಗ ಪಂಪು ನಿಲ್ಲಿಸಿ
ನಿಂಬೆಹುಳಿ ಕಲಸಿದ ನೀರಲ್ಲಿ ಅದಕ್ಕೆ ಜಳಕ ಮಾಡಿಸುತ್ತೇನೆ,
ಬಾಣಂತಿಗೆ ಎರೆದ ಹಾಗೆ, ನಿಧಾನಕ್ಕೆ.

ಇದೇ ಕೆಲಸದಲ್ಲಿ ಅವ್ವ ಹನ್ನೊಂದು ವರ್ಷ ಇದ್ದಳು.
ಬೇರೆ ಶೆಡ್ಡು. ಕೈಗವಸು ಇರಲಿಲ್ಲ.
ಗುಂಡಿ ಪೋಣಿಸಿದ ತಂತಿಯನ್ನು ಅದ್ದಿ, ಎತ್ತಿ, ಅದ್ದಿ.
ಅವ್ವನ ಬೆರಳಲ್ಲಿ ನಾಲ್ಕು ತೂತು.
ನೋಯದ ತೂತು. ಕ್ರೋಮ್ ಕೊರೆಯುವುದೇ ಹಾಗೆ,
ಹೇಳದೆ ಕೇಳದೆ.
ಜ್ವಾಳದ ಹಿಟ್ಟು ನಾದಿದರೆ ಅದರೊಳಗೆ ಹಿಟ್ಟು ಕೂರುತ್ತಿತ್ತು,
ಕಸಬರಿಗೆ ಕಡ್ಡಿಯಿಂದ ಕೆದಕಿ ತೆಗೆದು
ಮತ್ತೆ ರೊಟ್ಟಿ ಬಡಿಯುತ್ತಿದ್ದಳು.
ಆಗ ಸೋಸುವ ಯಂತ್ರ ಇರಲಿಲ್ಲ.
ಅವ್ವನ ಕೈ ಇತ್ತು.
ನೀರು ಹರಿದು ಹೋಗುತ್ತಿತ್ತು,
ಲೋಹ ನಿಲ್ಲುತ್ತಿತ್ತು.

ಕಳೆದ ತಿಂಗಳು ಲ್ಯಾಬಿನಿಂದ ಕಾಗದ ಬಂತು.
ಕ್ರೋಮಿಯಂ ಎದುರು ಒಂದೇ ಪದ: ಪತ್ತೆಯಾಗಿಲ್ಲ.
ಇಲ್ಲ ಅಂತಲ್ಲ,
ಹುಡುಕಿದವರ ಕೈಗೆ ಸಿಕ್ಕಿಲ್ಲ ಅಂತ.
ಆದರೂ ಒಂದು ಬಾಟಲಿ ತುಂಬಿ ಮನೆಗೆ ಒಯ್ದೆ.
ಅವ್ವ ಬೆಳಕಿಗೆ ಹಿಡಿದು ನೋಡಿದಳು.
"ಬೇಳೆ ಬೇಯ್ತೈತಾ?"
"ಇದು ಕುಡಿಯಾಕಲ್ಲವ್ವ, ಅಡಿಗಿಗಲ್ಲ. ಮತ್ತ ತೊಟ್ಟಿಗೇ ಹೋಗೋದು."
"ಅಷ್ಟು ಸೋಸಿದ್ರೂ
ನಿನ್ನ ನೀರಾಗ ನನ್ನ ಬೇಳೆ ಬೇಯಲ್ಲ ಅನ್ನು"
ಅಂತ ನಕ್ಕಳು.
ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು,
"ಹಿಡಿದದ್ದನ್ನ ಎಲ್ಲಿಡ್ತೀ?"

ಸಾವಿರ ಲೀಟರು ಕೊಟ್ಟರೆ
ಪೊರೆ ಮುನ್ನೂರು ವಾಪಸು ಉಗುಳುತ್ತದೆ,
ಮೊದಲಿಗಿಂತ ಗಟ್ಟಿ, ಮೊದಲಿಗಿಂತ ಕೆಟ್ಟದ್ದು.
ಅದನ್ನು ಕಾಸಿ ಕಾಸಿ ಉಪ್ಪು ಮಾಡಿ
ನೀಲಿ ಡ್ರಮ್ಮಿಗೆ ತುಂಬುತ್ತೇವೆ.
"ಲಾರಿ ಬರ್ತೈತವ್ವ."
"ಎಲ್ಲಿಗೆ ಒಯ್ತೈತೆ?"
"ದೂರ."
"ದೂರ ಅಂದ್ರೆ, ಯಾರ ಮನಿ ಹತ್ರ?"

ಈ ರಾತ್ರಿ ಲಾರಿ ಬಂದಿದೆ.
ಪಂಪಾಪತಿ ಹಿಂದೆ ಹಿಂದೆ ತಗೊಂಡು ತೂಕದ ಹಲಗೆಗೆ ನಿಲ್ಲಿಸಿದ.
ನೂರಾ ಹನ್ನೆರಡು ಕೇಜಿ. ಚೀಟಿಯಲ್ಲಿ
ಮೂರು ಕಡೆ ನನ್ನ ಸಹಿ.
"ಇದನ್ನ ಇಳಿಸೋ ಜಾಗ ನೋಡೀಯಾ?" ಅಂದೆ.
"ಗೇಟಿನ ತನಕ ಅಷ್ಟೇ ಅಕ್ಕ. ಒಳಗೆ ಬಿಡಲ್ಲ."
ಹಗ್ಗ ಬಿಗಿದ. ಎಳೆದು ನೋಡಿದ. ಮತ್ತೊಮ್ಮೆ ಬಿಗಿದ.
ಅವನ ಕೈಯಲ್ಲಿ ಕೈಗವಸು ಇರಲಿಲ್ಲ.
ನನ್ನದನ್ನು ಬಿಚ್ಚಿ ಕೊಟ್ಟೆ.
ಒಳಗೆ ಮುಳ್ಳು ಹದಿನಾರು ತೋರಿಸುತ್ತಿತ್ತು.